ಗಡಿಯಾಚೆಯ ದುಡಿಮೆ: ಚಿಕ್ಕೋಡಿ ಸೀಮೆಯ ವಲಸೆಯ ಚಾರಿತ್ರಿಕ ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕಬ್ಬು, ತಂಬಾಕುಗಳಿಗೆ ಹೆಸರಾದವು. ಆದರೂ ಈ ಸೀಮೆಯ ಜನ ದುಡಿಮೆಯನ್ನರಸಿ ಕೊಲ್ಲಾಪುರ, ಇಚಲಕರಂಜಿ, ಮಿರಜ, ಸಾಂಗಲಿಗಳತ್ತ ಹೋಗುತ್ತ ಬಂದಿದ್ದಾರೆ. ಈ ಸಂಚಾರವನ್ನು ಗಡಿವಿವಾದದ ಹಿನ್ನೆಲೆಯಲ್ಲಿ ಮಾತ್ರ ನೋಡುವುದು ಸಮಂಜಸವಲ್ಲ. ದುಡಿಮೆಯ ದಾರಿಗಳು ಇಲ್ಲಿ ರಾಜ್ಯದ ಗಡಿರೇಖೆಗಿಂತ ಹಳೆಯವು.

ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ ಮತ್ತು ಅಥಣಿಗಳು ಮುಂಬೈ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ, ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. ರಾಯಬಾಗದವರಿಗೆ ಕೊಲ್ಲಾಪುರವು ಪರನಾಡಲ್ಲ, ರಾಜಧಾನಿ. 1949ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ದಿನನಿತ್ಯದ ಪೇಟೆಗಳು ಅನ್ಯ ರಾಜ್ಯದಲ್ಲಿ ಉಳಿದವು.

ಈ ಆಕರ್ಷಣೆಗೆ ಕೈಗಾರಿಕೆಯೇ ಮುಖ್ಯ ಕಾರಣ. 1891ರಲ್ಲಿ ಮಿರಜ–ಕೊಲ್ಲಾಪುರ ರೈಲುಮಾರ್ಗ ಆರಂಭವಾದ ಮೇಲೆ ಮಿರಜವು ಪ್ರಮುಖ ಜಂಕ್ಷನ್ ಆಯಿತು. ರಾಯಬಾಗ, ಕುಡಚಿ, ಉಗಾರ ನಿಲ್ದಾಣಗಳಿಂದ ಅಲ್ಲಿಗೆ ನೇರ ಸಂಪರ್ಕವಿತ್ತು. 1904ರಲ್ಲಿ ವಿಠ್ಠಲರಾವ್ ದಾತಾರರು ಇಚಲಕರಂಜಿಯಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. 1906ರಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ ಕೊಲ್ಲಾಪುರದ ನೂಲಿನ ಗಿರಣಿ ಸ್ಥಾಪನೆಯಾಯಿತು. 1910ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಕಾರಖಾನೆಯನ್ನು ಬೆಳಗಾವಿಯಿಂದ ಔಂಧ ಸಂಸ್ಥಾನಕ್ಕೆ ಸಾಗಿಸಿದ್ದನ್ನೂ ಇಲ್ಲಿ ನೆನೆಯಬೇಕು. ದುಡಿಯುವವರಷ್ಟೇ ಅಲ್ಲ, ಬಂಡವಾಳವೂ ಉತ್ತರಕ್ಕೆ ಸರಿದಿತ್ತು.

ಸ್ಥಳೀಯವಾಗಿ ಉದ್ಯೋಗವಿರಲಿಲ್ಲವೆಂದಲ್ಲ. ಉಗಾರದ ಸಕ್ಕರೆ ಕಾರಖಾನೆ 1939ರಲ್ಲಿ ಸ್ಥಾಪಿತವಾಯಿತು. ನಿಪ್ಪಾಣಿಯ ತಂಬಾಕಿನ ವಖಾರಗಳು ಮತ್ತು ಬೀಡಿ ಉದ್ಯಮ ಅಸಂಖ್ಯ ಮಹಿಳೆಯರಿಗೆ ಕೆಲಸ ಕೊಟ್ಟವು. ಆದರೆ ಕಬ್ಬು ನುರಿಯುವುದು ವರ್ಷದ ಕೆಲವು ತಿಂಗಳು ಮಾತ್ರ. ತಂಬಾಕಿನ ಬೆಲೆ ಎಷ್ಟು ಅಸ್ಥಿರವೆಂಬುದಕ್ಕೆ 1981ರ ನಿಪ್ಪಾಣಿ ರೈತ ಚಳವಳಿ ಹಾಗೂ ಅಲ್ಲಿ ನಡೆದ ಗೋಲಿಬಾರ್ ಸಾಕ್ಷಿ. ವರ್ಷವಿಡೀ ಕೂಲಿ ಕೊಡುವ ಮಗ್ಗವು ಇಂಥ ಕುಟುಂಬಗಳಿಗೆ ಆಸರೆಯಾಗಿ ಕಂಡದ್ದು ಸಹಜ.

ಇದು ಮುಂಬೈ ಅಥವಾ ಪುಣೆಗೆ ಹೋಗುವ ವಲಸೆಗಿಂತ ಭಿನ್ನವಾದುದು. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿ.ಮೀ., ಬೆಳಗಾವಿ ಸುಮಾರು 75 ಕಿ.ಮೀ. ಕಾಗವಾಡಕ್ಕೆ ಮಿರಜ ಇನ್ನೂ ಸಮೀಪ. ಮಹಾನಗರದ ಬಾಡಿಗೆಯನ್ನು ತೆರಲಾಗದವನು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದು. ಅಲ್ಲಿಯೇ ನೆಲೆಸಿದರೂ ಊರಿನ ಹೊಲ, ಜಾತ್ರೆ, ಬೀಗತನಗಳ ನಂಟು ಕಡಿಯುವುದಿಲ್ಲ.

ಜನರಂತೆ ಸರಕೂ ಈ ದಾರಿಯಲ್ಲಿ ಸಾಗಿದೆ. ಅಥಣಿಯ ಚಮ್ಮಾರರು ಹೊಲಿದ ಪಾದರಕ್ಷೆ ಮಾರುಕಟ್ಟೆಯಲ್ಲಿ ‘ಕೊಲ್ಲಾಪುರಿ’ ಎನಿಸಿಕೊಂಡಿತು. ಈ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಿಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳನ್ನು ಒಳಗೊಂಡಿದೆ. ಒಂದೇ ಕಸುಬಿಗೆ ಎರಡು ರಾಜ್ಯಗಳ ಒಡೆತನವುಂಟೆಂಬುದನ್ನು ಕಾನೂನು ತಡವಾಗಿಯಾದರೂ ಒಪ್ಪಿತು.

ದುಡಿಯುವವನ ಹಕ್ಕಿನ ವಿಷಯದಲ್ಲಿ ಇಂಥ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಪಡಿತರ ಚೀಟಿ ಒಂದು ರಾಜ್ಯದ್ದು, ಕೂಲಿ ಇನ್ನೊಂದರದ್ದು. 2020ರ ಜನವರಿಯಿಂದ ಕರ್ನಾಟಕ, ಮಹಾರಾಷ್ಟ್ರ ಸೇರಿ 12 ರಾಜ್ಯಗಳಲ್ಲಿ ಪಡಿತರದ ಅಂತರರಾಜ್ಯ ವ್ಯವಸ್ಥೆ ಜಾರಿಗೆ ಬಂದಿತು. ಅದೇ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗಿ, ನಿತ್ಯ ದಾಟುವ ಗಡಿಯೇ ಗೋಡೆಯಾಯಿತು. 2021ರಲ್ಲಿ ಕೊಗನೊಳ್ಳಿ ತಪಾಸಣಾ ಠಾಣೆಯಲ್ಲಿ ಕೋವಿಡ್ ಪರೀಕ್ಷಾ ವರದಿ ತೋರಿಸಬೇಕಾಯಿತು. ಆಚೆ ನೆಲೆಸಿದವರ ಮಕ್ಕಳು ಮರಾಠಿ ಶಾಲೆ ಸೇರಿದಾಗ ಕನ್ನಡವು ಮನೆಮಾತಾಗಿಯಷ್ಟೇ ಉಳಿಯುವ ಪ್ರಶ್ನೆಯೂ ಇದರೊಡನೆ ಬೆಸೆದುಕೊಂಡಿದೆ.

ಗಡಿನಾಡಿನ ಚರಿತ್ರೆಯನ್ನು ಆಯೋಗಗಳ ವರದಿ ಮತ್ತು ಚಳವಳಿಗಳ ಮೂಲಕ ಬರೆದಷ್ಟು, ಗಡಿ ದಾಟಿ ದುಡಿದವರ ಮೂಲಕ ಬರೆದಿಲ್ಲ. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ಪ್ರಶ್ನೆಯಷ್ಟೇ, ಎರಡೂ ರಾಜ್ಯಗಳಲ್ಲಿ ಬಾಳುವವನ ಹೊಣೆ ಯಾರದೆಂಬ ಪ್ರಶ್ನೆಯೂ ಚರಿತ್ರೆಗೆ ಸಲ್ಲುವಂಥದು.