ದೀರ್ಘಾವಧಿ ದುಡಿಮೆ ಮತ್ತು ಹೃದಯದ ಆರೋಗ್ಯ

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ದೀರ್ಘಾವಧಿ ದುಡಿಮೆ ಎಂದು ಪರಿಗಣಿಸಿವೆ. ಇಂಥ ದುಡಿಮೆ ವರ್ಷಗಟ್ಟಲೆ ಮುಂದುವರಿದಾಗ ಎರಡು ಕಾಯಿಲೆಗಳ ಸಂಭವ ಹೆಚ್ಚುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳು ಕಿರಿದಾಗುವುದರಿಂದ ಬರುವ ಹೃದ್ರೋಗ ಒಂದು. ಮಿದುಳಿನ ರಕ್ತನಾಳ ಮುಚ್ಚುವುದರಿಂದ ಅಥವಾ ಒಡೆಯುವುದರಿಂದ ಬರುವ, ಆಡುಮಾತಿನಲ್ಲಿ ಲಕ್ವ ಎನ್ನಲಾಗುವ ಪಾರ್ಶ್ವವಾಯು ಇನ್ನೊಂದು.

ಸಂಶೋಧನೆಯ ಆಧಾರ

ಈ ಎರಡು ಸಂಸ್ಥೆಗಳು 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, 2016ರಲ್ಲಿ ಜಗತ್ತಿನ ಸುಮಾರು 48.8 ಕೋಟಿ ಜನ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿಯುತ್ತಿದ್ದರು. ಇದರ ಫಲವಾಗಿ ಆ ಒಂದೇ ವರ್ಷ ಪಾರ್ಶ್ವವಾಯುವಿನಿಂದ 3,98,000 ಮಂದಿಯೂ ಹೃದ್ರೋಗದಿಂದ 3,47,000 ಮಂದಿಯೂ ಸತ್ತರೆಂದು ಅಂದಾಜಿಸಲಾಯಿತು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಹೀಗೆ ದೀರ್ಘಾವಧಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಆರು ಲಕ್ಷಕ್ಕೂ ಮಿಕ್ಕ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇದೇ ದಿಕ್ಕನ್ನು ತೋರಿಸಿತ್ತು. ಇವು ಸಮುದಾಯದ ಮಟ್ಟದ ಲೆಕ್ಕಗಳೇ ಹೊರತು, ಇಂಥ ವ್ಯಕ್ತಿಗೆ ಹೃದಯಾಘಾತ ಆಗಿಯೇ ತೀರುತ್ತದೆ ಎಂಬ ಭವಿಷ್ಯವಲ್ಲ. ಭಾರತೀಯರ ಮಟ್ಟಿಗೆ ಅಪಾಯ ಬೇಗನೆ ಎದುರಾಗುತ್ತದೆ: ‘ಇಂಟರ್‌ಹಾರ್ಟ್’ ಎಂಬ ಬಹುರಾಷ್ಟ್ರ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53 ಇದ್ದರೆ ಉಳಿದ ದೇಶದವರಲ್ಲಿ ಅದು 59ರ ಆಸುಪಾಸಿನಲ್ಲಿತ್ತು.

ದೇಹದಲ್ಲಿ ಆಗುವ ಬದಲಾವಣೆ

ದುಡಿಮೆಯ ಒತ್ತಡ ಇಳಿಯದೆ ಉಳಿದಾಗ ದೇಹವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಚೋದಕಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಇವು ನಾಡಿಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸುತ್ತವೆ. ಏರಿದ ಒತ್ತಡ ರಾತ್ರಿಯ ನಿದ್ರೆಯಲ್ಲಿ ಇಳಿಯಬೇಕು. ನಿದ್ರೆಯೇ ಕಡಿಮೆಯಾದಾಗ ಆ ಬಿಡುವು ಸಿಗದೆ ರಕ್ತನಾಳಗಳ ಒಳಪದರ ಸವೆದು, ಅಲ್ಲಿ ಕೊಬ್ಬು ಗಟ್ಟಿಯಾಗಿ ಕೂರುತ್ತದೆ. ಹೊತ್ತಲ್ಲದ ಹೊತ್ತಿನ ಊಟ, ಹಸಿವು ಮುಚ್ಚಲು ಕುಡಿಯುವ ಟೀ, ಬೀಡಿ-ಸಿಗರೇಟು, ವ್ಯಾಯಾಮಕ್ಕೆ ಸಮಯವಿಲ್ಲದಿರುವುದು ಇವೆಲ್ಲ ಸೇರಿ ಅದೇ ಹಾನಿಯನ್ನು ಇನ್ನೊಂದು ದಾರಿಯಿಂದ ಹೆಚ್ಚಿಸುತ್ತವೆ.

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿ ದುಡಿಮೆ

ದೀರ್ಘ ದುಡಿಮೆ ಎಂದೊಡನೆ ಬೆಂಗಳೂರಿನಲ್ಲಿ ಐಟಿ ಉದ್ಯೋಗಿಗಳ ಮಾತೇ ಮುಂದೆ ಬರುತ್ತದೆಯಾದರೂ, 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದ ಪೇಟೆಯಾಗಿ ಬೆಳೆದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅದರ ಬೇರೊಂದು ರೂಪವಿದೆ. ಇಲ್ಲಿನ ಬಟ್ಟೆ, ಚಪ್ಪಲಿ, ಆಭರಣದ ಅಂಗಡಿಗಳು ಸಾಮಾನ್ಯವಾಗಿ ಬೆಳಗ್ಗೆ ಹತ್ತೂವರೆಯ ಸುಮಾರಿಗೆ ತೆರೆದು ರಾತ್ರಿ ಒಂಬತ್ತರ ಹೊತ್ತಿಗೆ ಮುಚ್ಚುತ್ತವೆ. ರಂಜಾನ್, ದೀಪಾವಳಿ, ಕ್ರಿಸ್ಮಸ್ ವ್ಯಾಪಾರದ ದಿನಗಳಲ್ಲಿ ವೇಳೆ ಮತ್ತಷ್ಟು ಚಾಚುತ್ತದೆ. ಸಾಮಾನ್ಯ ದಿನದ ಹತ್ತೂವರೆ ಗಂಟೆಯಲ್ಲಿ ಊಟದ ಒಂದು ಗಂಟೆ ಕಳೆದು, ವಾರಕ್ಕೊಂದು ರಜೆ ಕೊಟ್ಟರೂ ವಾರದ ದುಡಿಮೆ 57 ಗಂಟೆಯಾಗುತ್ತದೆ. ಗಿರಾಕಿಗೆ ಬಿಡಿಸಿ ತೋರಿಸಿದ ಬಟ್ಟೆಗಳನ್ನು ಮತ್ತೆ ಮಡಿಸಿ ಕಪಾಟಿಗೆ ಸೇರಿಸಿ ಬಾಗಿಲು ಹಾಕುವ ಕೆಲಸ ಈ ಲೆಕ್ಕದ ಹೊರಗಿನದು.

ಸೇಲ್ಸ್‌ಮನ್, ಸೇಲ್ಸ್‌ಗರ್ಲ್‌ಗಳ ದುಡಿಮೆಯ ಹೆಚ್ಚಿನ ಭಾಗ ನಿಂತೇ ಕಳೆಯುತ್ತದೆ. ಹಾಗೆ ನಿಂತಾಗ ರಕ್ತ ಕಾಲುಗಳಲ್ಲಿ ತಂಗಿ, ಅದನ್ನು ಮೇಲಕ್ಕೆ ಮರಳಿಸುವುದು ಕಷ್ಟವಾಗಿ, ಕಾಲಿನ ನರ ಉಬ್ಬುವ ತೊಂದರೆ ಕಾಣಿಸಿಕೊಳ್ಳುತ್ತದೆ. ಹಾನಿ ಕಾಲಿಗಷ್ಟೇ ಸೀಮಿತವಲ್ಲ: ಕೆನಡಾದ ಒಂಟಾರಿಯೊ ಪ್ರಾಂತ್ಯದ ಸುಮಾರು 7,300 ಉದ್ಯೋಗಿಗಳನ್ನು 12 ವರ್ಷ ಗಮನಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ನಿಂತು ಮಾಡುವ ಕೆಲಸದವರಲ್ಲಿ ಹೃದ್ರೋಗದ ಅಪಾಯ ಕುಳಿತು ಕೆಲಸ ಮಾಡುವವರ ಸುಮಾರು ಎರಡರಷ್ಟು ಕಂಡುಬಂದಿತು. ಅಂಗಡಿ ನೌಕರರಿಗೆ ಕೂರಲು ಅವಕಾಶ ಕೊಡಬೇಕೆಂದು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ತಮ್ಮ ಕಾನೂನುಗಳಿಗೆ ತಿದ್ದುಪಡಿ ತಂದಿವೆ.

ಕಾನೂನಿನ ಮಿತಿ

‘ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961’ ದಿನಕ್ಕೆ 9, ವಾರಕ್ಕೆ 48 ಗಂಟೆಯ ದುಡಿಮೆಯ ಮಿತಿಯನ್ನೂ, ಐದು ಗಂಟೆಯ ಕೆಲಸದ ಬಳಿಕ ಕನಿಷ್ಠ ಒಂದು ಗಂಟೆಯ ವಿರಾಮವನ್ನೂ, ವಾರಕ್ಕೊಂದು ರಜೆಯನ್ನೂ ವಿಧಿಸಿ, ಓವರ್‌ಟೈಮನ್ನು ಮೂರು ತಿಂಗಳಿಗೆ 50 ಗಂಟೆಗೆ ಮಿತಿಗೊಳಿಸಿತು. ಈ 50 ಗಂಟೆಯನ್ನು 13 ವಾರಗಳಿಗೆ ಹಂಚಿದರೆ ವಾರದ ಒಟ್ಟು ದುಡಿಮೆ 52 ಗಂಟೆಯನ್ನು ದಾಟುವುದಿಲ್ಲ. ಅಂದರೆ, ಆರು ದಶಕಗಳ ಹಿಂದಿನ ಈ ಕಾನೂನು ಚಾಚೂ ತಪ್ಪದೆ ಜಾರಿಯಾದರೆ ಸರಾಸರಿ ದುಡಿಮೆ ಇಂದಿನ ವಿಜ್ಞಾನ ಗುರುತಿಸಿರುವ 55 ಗಂಟೆಯ ಅಪಾಯದ ಗೆರೆಯ ಒಳಗೇ ಉಳಿಯುತ್ತದೆ. ದಿನದ ದುಡಿಮೆಯನ್ನು 10 ಗಂಟೆಗೆ, ಓವರ್‌ಟೈಮ್ ಮಿತಿಯನ್ನು ಮೂರು ತಿಂಗಳಿಗೆ 144 ಗಂಟೆಗೆ ಏರಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ 2025ರಲ್ಲಿ ಮುಂದಿಟ್ಟಾಗ ಕಾರ್ಮಿಕ ಸಂಘಟನೆಗಳು ಅದನ್ನು ವಿರೋಧಿಸಿದವು. ಅದೇ ಲೆಕ್ಕದಲ್ಲಿ 144 ಗಂಟೆಯನ್ನು ಹಂಚಿದರೆ ವಾರಕ್ಕೆ 59 ಗಂಟೆಯಾಗಿ, ಆ ಗೆರೆಯನ್ನು ಕಾನೂನೇ ದಾಟಿಸಿದಂತಾಗುತ್ತದೆ.

ಮುನ್ನೆಚ್ಚರಿಕೆ

ಪಾಳಿ ಪದ್ಧತಿ, ಕೌಂಟರಿನ ಹಿಂದೆ ಕೂರಲು ಸ್ಟೂಲು, ಹೊತ್ತಿಗೆ ಸರಿಯಾದ ಊಟ, ವರ್ಷಕ್ಕೊಮ್ಮೆಯಾದರೂ ಬಿಪಿ ಮತ್ತು ಸಕ್ಕರೆಯ ಪರೀಕ್ಷೆ ಇವು ಮಾಲೀಕರಿಗೆ ದುಬಾರಿಯಾಗದ ಕ್ರಮಗಳು. ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಡುವುದು, ಕಾರಣವಿಲ್ಲದೆ ಮೈ ಬೆವರುವುದು ಹೃದಯಾಘಾತದ ಲಕ್ಷಣಗಳಾಗಿದ್ದು, ಇವನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಮಾತ್ರೆ ನುಂಗಿ ಗಿರಾಕಿಯ ಮುಂದೆ ನಿಲ್ಲುವುದರಲ್ಲಿ ಕಳೆದುಹೋಗುವ ಸಮಯ ಹೃದಯದ ಸ್ನಾಯುವಿನ ಜೀವವೇ ಆಗಿರುತ್ತದೆ. ಇಂಥ ಲಕ್ಷಣ ಕಂಡ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಈ ಪೇಟೆಯವರಿಗೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಆದರೆ ಆಸ್ಪತ್ರೆ ಕೊನೆಯ ಆಸರೆ ಮಾತ್ರ. ದುಡಿಮೆಯ ವೇಳೆಯ ಮಿತಿಯನ್ನು ಸಂಬಳ-ಸಾರಿಗೆಯ ವಿಷಯವೆಂದಷ್ಟೇ ಕಾಣದೆ ದುಡಿಯುವವರ ಆರೋಗ್ಯರಕ್ಷಣೆಯ ನಿಯಮವೆಂದು ತಿಳಿದು ಪಾಲಿಸುವುದು ಅಂಗಡಿ ಮಾಲೀಕರ ಮತ್ತು ಸರ್ಕಾರದ ಹೊಣೆ.