ಯೇಸುವಿನ ದೈವತ್ವ: ಹಿಂದೆ ಹಿಂದೆ ಸರಿದ ಒಂದು ಇಸವಿ

1839ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್ ಸರ್ಕಾರ ಉರುಳಿಬಿತ್ತು. ಕಿಡಿ ಹೊತ್ತಿಸಿದ್ದು ವಿಶ್ವವಿದ್ಯಾಲಯದ ಒಂದು ನೇಮಕ. ಡೇವಿಡ್ ಫ್ರೀಡ್ರಿಶ್ ಸ್ಟ್ರೌಸ್ ಎಂಬ ಜರ್ಮನ್ ವಿದ್ವಾಂಸರನ್ನು ದೇವಶಾಸ್ತ್ರದ ಪ್ರಾಧ್ಯಾಪಕರಾಗಿ ಕರೆತರಲು ಹೊರಟ ಉದಾರವಾದಿ ಆಡಳಿತದ ಮೇಲೆ ಹಳ್ಳಿಗಳ ಭಕ್ತರು ತಿರುಗಿಬಿದ್ದರು. ಒಂದು ಪಾಠವನ್ನೂ ಮಾಡದ ಸ್ಟ್ರೌಸ್‌ಗೆ ಪಿಂಚಣಿ ಕೊಟ್ಟು ಕೈತೊಳೆದುಕೊಂಡರೂ ಜನರ ಸಿಟ್ಟು ಇಳಿಯಲಿಲ್ಲ. ಸ್ಟ್ರೌಸ್ ಮಾಡಿದ ತಪ್ಪು, 1835ರಲ್ಲಿ ಬರೆದ ‘ಯೇಸುವಿನ ಜೀವನ’. ಸುವಾರ್ತೆಗಳ ಪವಾಡಗಳು ಕಣ್ಣಾರೆ ಕಂಡ ವರದಿಯೂ ಅಲ್ಲ, ಮೋಸವೂ ಅಲ್ಲ. ಮೊದಲ ಭಕ್ತಸಮುದಾಯ ತನಗರಿವಿಲ್ಲದೆ ಹೆಣೆದ ಪುರಾಣ ಎಂದು ಅದರಲ್ಲಿ ವಾದಿಸಿದ್ದರು. ಜರ್ಮನಿಯ ಟ್ಯೂಬಿಂಗನ್‌ನಲ್ಲಿದ್ದ ಕೆಲಸ ಆಗಲೇ ಹೋಗಿತ್ತು.

ಸ್ಟ್ರೌಸ್ ಬಿಟ್ಟುಹೋದ ಪ್ರಶ್ನೆ ಸಣ್ಣದಲ್ಲ. ದೇವರು ಒಬ್ಬನೇ ಎಂದು ದಿನವೂ ಉಚ್ಚರಿಸುತ್ತಿದ್ದ ಯೆಹೂದ್ಯರ ನಡುವೆ, ಶಿಲುಬೆಯ ಮೇಲೆ ಸತ್ತ ಗಲಿಲಾಯದವನೊಬ್ಬನಿಗೆ ಆರಾಧನೆ ಸಂದದ್ದು ಎಂದಿನಿಂದ?

1913ರಲ್ಲಿ ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಬೂಸೆಟ್ ಕೊಟ್ಟ ಉತ್ತರ ಬಹುಕಾಲ ಆಳಿತು. ಯೆರೂಸಲೇಮಿನ ಮೊದಲ ಶಿಷ್ಯರಿಗೆ ಯೇಸು ಮರಳಿ ಬರಲಿರುವ ‘ಮನುಷ್ಯಕುಮಾರ’ ಮಾತ್ರ. ಅವನನ್ನು ‘ಕರ್ತ’ನೆಂದು ಪೂಜಿಸಲು ತೊಡಗಿದ್ದು ಅಂತಿಯೋಕ್ಯದಂಥ ಊರುಗಳಲ್ಲಿ, ಗ್ರೀಕ್ ದೇವತೆಗಳ ನೆರಳಿನಲ್ಲಿ ಬೆಳೆದ ಅನ್ಯಜನರು ಎಂಬುದು ಅವರ ವಾದ. ಆದರೆ ಅದರ ಬುಡದಲ್ಲೇ ಒಂದು ಬಿರುಕಿತ್ತು. ಗ್ರೀಕ್ ಆಡುವ ಕೊರಿಂಥದವರಿಗೆ ಬರೆದ ಪತ್ರದ ಕೊನೆಯಲ್ಲಿ ಅಪೊಸ್ತಲ ಪೌಲ ‘ಮಾರಾನಾಥ’ ಎಂಬ ಅರಾಮಿಕ್ ಮೊರೆಯನ್ನು ಅನುವಾದಿಸದೆ ಹಾಗೇ ಇಟ್ಟಿದ್ದಾನೆ. ಕರ್ತನನ್ನು ಬಾ ಎಂದು ಕರೆಯುವ ಈ ಪ್ರಾರ್ಥನೆ ಅರಾಮಿಕ್ ಆಡುವ ಶಿಷ್ಯರಿಂದಲೇ ಬಂದಿರಬೇಕು.

ಆ ಬಿರುಕನ್ನು ಅಗಲಿಸಿದವರು ಟ್ಯೂಬಿಂಗನ್‌ನವರೇ ಆದ ಮಾರ್ಟಿನ್ ಹೆಂಗೆಲ್. ಅವರ ‘ದೇವಕುಮಾರ’ (1975) ಪುಟ್ಟ ಪುಸ್ತಕ, ಪೆಟ್ಟು ಮಾತ್ರ ದೊಡ್ಡದು. ಯೇಸು ಸತ್ತದ್ದು ಸುಮಾರು ಕ್ರಿ.ಶ. 30ರಲ್ಲಿ, ಪೌಲನ ಪತ್ರಗಳು ಶುರುವಾಗುವುದು 50ರ ಹೊತ್ತಿಗೆ. ಈ ಎರಡು ದಶಕಗಳಲ್ಲೇ ಮುಖ್ಯವಾದದ್ದೆಲ್ಲ ನಡೆದುಹೋಗಿತ್ತು ಎಂದರು ಹೆಂಗೆಲ್. ಅಷ್ಟರಲ್ಲಿ ಯೆಹೂದ್ಯ ಧರ್ಮದ ಚಿತ್ರವೂ ಬದಲಾಗಿತ್ತು. ಮೃತಸಮುದ್ರದ ಬಳಿಯ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಒಂದು ಅರಾಮಿಕ್ ತುಣುಕಿನಲ್ಲಿ ‘ದೇವರ ಮಗ’ ಎಂಬ ಬಿರುದೇ ಇತ್ತು. ‘ಪರಲೋಕದಲ್ಲಿ ಎರಡು ಶಕ್ತಿಗಳು’ ಎಂಬ ಮತವನ್ನು ರಬ್ಬಿಗಳು ಖಂಡಿಸಿದ್ದನ್ನು ಆಲನ್ ಸೀಗಲ್ 1977ರಲ್ಲಿ ಕೆದಕಿ ತೆಗೆದರು. ಹಾಗೆ ನಂಬುವವರು ಇದ್ದದ್ದರಿಂದಲೇ ಖಂಡನೆ!

ಎಲ್ಲರೂ ಒಪ್ಪಲಿಲ್ಲ. ಲೋಕ ಹುಟ್ಟುವ ಮುನ್ನವೇ ಕ್ರಿಸ್ತನಿದ್ದ ಎಂಬ ಮಾತು ಸ್ಪಷ್ಟವಾಗಿ ಕಾಣುವುದು ಯೋಹಾನನ ಸುವಾರ್ತೆಯಲ್ಲೇ ಎಂದು 1980ರಲ್ಲಿ ಜೇಮ್ಸ್ ಡನ್ ಹಟಹಿಡಿದರು. ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರದ ಎರಡನೆಯ ಅಧ್ಯಾಯದ ಕ್ರಿಸ್ತನನ್ನು ಅವರು ಆದಾಮನಿಗೆ ಹೋಲಿಸಿ, ಮೊದಲೇ ಇದ್ದ ದೈವವಾಗಿ ಅಲ್ಲ, ಮನುಷ್ಯನಾಗಿ ಓದಿದರು. ಅದೇ ಭಾಗದಲ್ಲಿ ರಿಚರ್ಡ್ ಬೌಕಮ್‌ಗೆ ಕಂಡದ್ದು ಬೇರೆ: ಎಲ್ಲ ಮೊಣಕಾಲುಗಳೂ ತನಗೇ ಅಡ್ಡಬೀಳುವವೆಂದು ಯೆಶಾಯನ ಗ್ರಂಥದಲ್ಲಿ ದೇವರು ಹೇಳಿಕೊಂಡದ್ದು ಇಲ್ಲಿ ಯೇಸುವಿಗೆ ಸಲ್ಲುತ್ತದೆ.

ಚರ್ಚೆಯ ದಾರಿಯನ್ನೇ ತಿರುಗಿಸಿದವರು ಎಡಿನ್‌ಬರೋದ ಲ್ಯಾರಿ ಹುರ್ಟಾಡೊ. ಬಿರುದುಗಳ ಅರ್ಥಕ್ಕೆ ಗುದ್ದಾಡುವುದಕ್ಕಿಂತ ಭಕ್ತರು ಮಾಡುತ್ತಿದ್ದುದನ್ನು ನೋಡಿ ಎಂಬುದು ಅವರ ಪಟ್ಟು: ಯೇಸುವಿಗೆ ಹಾಡು, ಅವನ ಹೆಸರಲ್ಲಿ ದೀಕ್ಷಾಸ್ನಾನ, ಅವನಿಗೆ ಮೊರೆ, ಅವನ ಪಂಕ್ತಿಯ ಭೋಜನ. ಕ್ರಿಸ್ತನಿಗೆ ದೇವರಿಗೆಂಬಂತೆ ಹಾಡುತ್ತಾರೆಂದು ಪ್ಲಿನಿ ಎಂಬ ರೋಮನ್ ರಾಜ್ಯಪಾಲ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಬರೆದದ್ದೂ ಈ ಮಾತಿಗೆ ಹೊಂದುತ್ತದೆ. ಹುರ್ಟಾಡೊ ಅವರ ‘ಲಾರ್ಡ್ ಜೀಸಸ್ ಕ್ರೈಸ್ಟ್’ (2003) ಬಂದ ಮೇಲೆ ಬೂಸೆಟ್‌ರತ್ತ ಮರಳುವುದು ಕಷ್ಟವಾಗಿದೆ.

2014ರಲ್ಲಿ ಬಾರ್ಟ್ ಎರ್ಮನ್ ‘ಯೇಸು ದೇವರಾದದ್ದು ಹೇಗೆ’ ಎಂದು ಬರೆದರೆ, ಐವರು ವಿದ್ವಾಂಸರು ಅದೇ ವರ್ಷ ‘ದೇವರು ಯೇಸುವಾದದ್ದು ಹೇಗೆ’ ಎಂದು ಎದುರಾದರು. ಎರ್ಮನ್ ಆಸ್ತಿಕರಲ್ಲ, ಆದರೂ ಪುನರುತ್ಥಾನದ ನಂಬಿಕೆ ಮೂಡಿದೊಡನೆಯೇ ಯೇಸು ದೈವಪಟ್ಟಕ್ಕೇರಿದನೆಂದು ಅವರೂ ಒಪ್ಪುತ್ತಾರೆ. ಜಗಳ ಉಳಿದಿರುವುದು ಆ ‘ದೈವ’ ಎಷ್ಟು ಎತ್ತರದ್ದು ಎಂಬುದರಲ್ಲಿ. ಕ್ರೈಸ್ತ ಬಿಷಪರ ನೈಸಿಯಾ ಸಭೆಯೂ 325ರಲ್ಲಿ ಗುದ್ದಾಡಿದ್ದು ಅದಕ್ಕೇ: ಮಗ ಸೃಷ್ಟಿಯಾದವನೋ, ತಂದೆಗೆ ಸಮಾನನೋ? ಅಲ್ಲಿ ಮತಹಾಕಿ ಮನುಷ್ಯನನ್ನು ದೇವರಾಗಿಸಿದರು ಎಂಬ ಮಾತು ‘ದ ಡಾ ವಿಂಚಿ ಕೋಡ್’ ಕಾದಂಬರಿಗೆ ಸರಿ, ಚರಿತ್ರೆಗಲ್ಲ. ಅದಕ್ಕೆ ಸಾಕ್ಷಿಯೆಂಬಂತೆ 2005ರಲ್ಲಿ ಇಸ್ರೇಲಿನ ಮೆಗಿದ್ದೋ ಸೆರೆಮನೆಯ ಆವರಣದಲ್ಲಿ ಒಂದು ಮೊಸಾಯಿಕ್ ನೆಲ ಸಿಕ್ಕಿತು. ಅಕೆಪ್ಟೌಸ್ ಎಂಬ ಹೆಂಗಸು ‘ದೇವರಾದ ಯೇಸು ಕ್ರಿಸ್ತನಿಗೆ’ ಮೇಜನ್ನು ದಾನಕೊಟ್ಟಳೆಂದು ಅದರ ಗ್ರೀಕ್ ಬರಹ ಹೇಳುತ್ತದೆ. ಉತ್ಖನನಕಾರರು ಅದರ ಕಾಲವನ್ನು ಸುಮಾರು 230 ಎಂದು ಗುರುತಿಸಿದ್ದಾರೆ, ನೈಸಿಯಾಕ್ಕಿಂತ ಹೆಚ್ಚುಕಡಿಮೆ ನೂರು ವರ್ಷ ಮೊದಲು.