ಸಭೆಯೇ ಅಪರಾಧವಾದಾಗ: ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಮತ್ತು ಮೂರು ಗಡಿ ತಾಲ್ಲೂಕುಗಳು

ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಗೂ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದವು. ಇಲ್ಲಿನ ಕನ್ನಡಿಗರು ಭಾಷಿಕ ಅಲ್ಪಸಂಖ್ಯಾತರಾದ ಕಥನವನ್ನು ಸಾಮಾನ್ಯವಾಗಿ ರಾಜ್ಯ ಪುನರ್ವಿಂಗಡಣೆಯಿಂದ ಆರಂಭಿಸಲಾಗುತ್ತದೆ. ಅದರ ಬೇರು ಇನ್ನೂ ಹಿಂದಿನದು. ನಿಜಾಮ ಸಂಸ್ಥಾನದಲ್ಲಿ ಪೌರಹಕ್ಕುಗಳ ಬೇಡಿಕೆ ಭಾಷೆಯ ಆಸರೆಯಲ್ಲಿಯೇ ಬೆಳೆಯಬೇಕಾಯಿತು.

1929ರ ಗಶ್ತಿ 53 ಎಂಬ ಸುತ್ತೋಲೆ ಸಾರ್ವಜನಿಕ ಸಭೆಗೆ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಹೈದರಾಬಾದಿನ ರಾಜಕೀಯ ಪರಿಷತ್ತಂತೂ ಕಾಕಿನಾಡ (1923), ಮುಂಬಯಿ (1926), ಪುಣೆ (1928), ಅಕೋಲಾ (1931) ಹೀಗೆ ಸಂಸ್ಥಾನದ ಹೊರಗೇ ನೆರೆಯಿತು. ಒಳಗೆ ಉಳಿದದ್ದು ಗ್ರಂಥಾಲಯ, ಶಾಲೆ, ಸಾಹಿತ್ಯ ಸಭೆ. 1921ರಲ್ಲಿ ಹೈದರಾಬಾದಿನ ಸಮಾಜ ಸುಧಾರಣಾ ಸಭೆಯೊಂದರಲ್ಲಿ ತೆಲುಗಿನಲ್ಲಿ ಮಾತಾಡಲು ಎದ್ದವರನ್ನು ಗೇಲಿಮಾಡಿ ಕೂರಿಸಿದ ಪ್ರಸಂಗ ಆಂಧ್ರ ಜನಸಂಘದ ಹುಟ್ಟಿಗೆ ಕಾರಣವಾಯಿತು. ಅದರಿಂದ ಬೆಳೆದ ಆಂಧ್ರ ಮಹಾಸಭೆಯ ಮೊದಲ ಅಧಿವೇಶನ 1930ರಲ್ಲಿ ನಡೆದದ್ದು ನಾರಾಯಣಖೇಡಕ್ಕೆ ಹೆಚ್ಚು ದೂರವಿಲ್ಲದ ಜೋಗಿಪೇಟೆಯಲ್ಲಿ. ಕನ್ನಡ ಸಾಹಿತ್ಯ ಸಮ್ಮೇಳನವೂ 1928ರಲ್ಲಿ ಗುಲ್ಬರ್ಗಾಕ್ಕೆ, 1934ರಲ್ಲಿ ರಾಯಚೂರಿಗೆ ಬಂದಿತು, ಮೊದಲನೆಯದಕ್ಕೆ ಬಿ.ಎಂ.ಶ್ರೀ., ಎರಡನೆಯದಕ್ಕೆ ಪಂಜೆ ಮಂಗೇಶರಾಯರು ಅಧ್ಯಕ್ಷರು. ಆಂಧ್ರ, ಮಹಾರಾಷ್ಟ್ರ, ಕರ್ನಾಟಕವೆಂಬ ಮೂರು ಪರಿಷತ್ತುಗಳ ವಿನ್ಯಾಸ ಹೀಗೆ ಸಿದ್ಧವಾಯಿತು. ಉರ್ದು ಮನೆಮಾತಿನ ಬಡವನಿಗೆ ಇವುಗಳಲ್ಲಿ ಯಾವುದೂ ತನ್ನದಾಗಿರಲಿಲ್ಲವೆಂಬುದನ್ನು ಮರೆಯಲಾಗದು.

ಈ ಮೂರು ಧಾರೆಗಳನ್ನು ಕೂಡಿಸಲು ಹೊರಟ ಸ್ಟೇಟ್ ಕಾಂಗ್ರೆಸ್ಸನ್ನು 1938ರ ಸೆಪ್ಟೆಂಬರಿನಲ್ಲಿ, ಅದು ವಿಧಿವತ್ತಾಗಿ ಸ್ಥಾಪನೆಯಾಗುವ ಮುನ್ನವೇ, ಕೋಮುವಾದಿಯೆಂದು ಹೇಳಿ ನಿಷೇಧಿಸಲಾಯಿತು. ಅಕ್ಟೋಬರ್ 24ರಂದು ಗೋವಿಂದರಾವ್ ನಾನಲ್ ನೇತೃತ್ವದ ಮೊದಲ ತಂಡ ಬಂಧನಕ್ಕೊಳಗಾಯಿತು. ಮುಂದೆ ಈ ಸಂಘಟನೆಯ ಪ್ರಮುಖ ನಾಯಕರಾದ, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರೂ ಆಗಲೇ ಸೆರೆಮನೆ ಸೇರಿದರು. ವಿಧಾನ ಸರಳವಾಗಿತ್ತು: ಸಣ್ಣ ಸಣ್ಣ ತಂಡಗಳು ಬೀದಿಗೆ ಬಂದು ತಾವು ಸ್ಟೇಟ್ ಕಾಂಗ್ರೆಸ್ಸಿನವರೆಂದು ಸಾರುತ್ತಿದ್ದವು. ಹಾಗೆ ಹೇಳಿಕೊಳ್ಳುವುದೇ ಕಾಯಿದೆಭಂಗ. ಆದರೆ ಅದೇ ವೇಳೆ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭೆಗಳೂ ಪ್ರತ್ಯೇಕ ಸತ್ಯಾಗ್ರಹ ಹೂಡಿದ್ದರಿಂದ ಸರ್ಕಾರದ ಆರೋಪಕ್ಕೆ ಬಲ ಬರುವಂತಾಯಿತು. ಗಾಂಧೀಜಿಯ ಸಲಹೆಯಂತೆ ಡಿಸೆಂಬರ್ 24ರಂದು ಚಳವಳಿಯನ್ನು ತಡೆಹಿಡಿಯಲಾಯಿತು. ಇದನ್ನು ಹಿನ್ನಡೆಯೆಂದು ಬಗೆಯುವವರಿದ್ದಾರೆ. ವಾಸ್ತವವಾಗಿ ಸಂಘಟನೆ ತನ್ನ ಅಸಾಂಪ್ರದಾಯಿಕ ಸ್ವರೂಪವನ್ನು ಕಾಯ್ದುಕೊಳ್ಳಲು ತೆತ್ತ ಬೆಲೆ ಅದು.

ನಿಷೇಧ ತೆರವಾದದ್ದು 1946ರ ಜುಲೈ 3ರಂದು. ಮರುವರ್ಷದ ಆಗಸ್ಟ್ 7ರಂದು ಭಾರತ ಒಕ್ಕೂಟ ಸೇರ್ಪಡೆಯ ದಿನಾಚರಣೆಯೊಡನೆ ಆರಂಭವಾದ ಹೋರಾಟದ ರೀತಿ ಬೇರೆ. ಧ್ವಜಾರೋಹಣದಿಂದ ಸೇಂದಿ ಮರ ಕಡಿಯುವುದಕ್ಕೆ, ಕರೋಡಗಿರಿ ನಾಕೆಗಳ ಮೇಲಿನ ದಾಳಿಗೆ, ಕೊನೆಗೆ ಗಡಿಯಾಚೆಯ ಸಶಸ್ತ್ರ ಶಿಬಿರಗಳಿಗೆ ಅದು ಸಾಗಿತು. ರಜಾಕಾರರ ಹಾವಳಿಯ ನಡುವೆ ಈ ತಿರುವು ಅರ್ಥವಾಗುವಂಥದು. ಆದರೂ ಚರಿತ್ರೆಯನ್ನು 1948ರ ಸೆಪ್ಟೆಂಬರ್ 17ಕ್ಕೆ ನಿಲ್ಲಿಸುವಂತಿಲ್ಲ. ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಕುರಿತ ಸುಂದರಲಾಲ್ ಸಮಿತಿಯ ವರದಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಗುಲ್ಬರ್ಗಾಗಳೆರಡನ್ನೂ ಹೆಸರಿಸುತ್ತದೆ.

ಪರಿಷತ್ತುಗಳು ಸ್ಟೇಟ್ ಕಾಂಗ್ರೆಸ್ಸಿನಲ್ಲಿ ವಿಲೀನವಾದರೂ ಅವುಗಳ ಭಾಷಾವಾರು ವಿಂಗಡಣೆ ಪ್ರಾಂತ ಸಮಿತಿಗಳ ರೂಪದಲ್ಲಿ ಮುಂದುವರಿಯಿತು. ಒಂದೇ ಸಂತೆಯಲ್ಲಿ ಮೂರು ನುಡಿ ಕೇಳುವ ತಾಲ್ಲೂಕಿಗೆ ಆ ನಕ್ಷೆಯಲ್ಲಿ ಸ್ಥಳವಿರಲಿಲ್ಲ. 1956ರ ಕಾಯಿದೆ ಕಂದಾಯ ವೃತ್ತಗಳ ಲೆಕ್ಕದಲ್ಲಿ ಗೆರೆ ಎಳೆಯಿತು: ನಾರಾಯಣಖೇಡ, ತಾಂಡೂರು ಇಡಿಯಾಗಿ ಆಂಧ್ರ ಪ್ರದೇಶಕ್ಕೆ, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತವೂ ಅತ್ತಲೇ, ಜಹೀರಾಬಾದ್ ತಾಲ್ಲೂಕಿನಲ್ಲಿ ಮೈಸೂರಿಗೆ ಉಳಿದದ್ದು ನಿರ್ಣಾ ವೃತ್ತವೊಂದೇ.